ಹತ್ತಿರದಿಂದ ದಾಸವಾಳ, ದೂರದಿಂದ ಬರೀ ಕೆಂಪು: ಚೂರುಬಟ್ಟೆಯ ಹೂವಿನ ಕೌದಿಗೆ ಸಲಹೆ ಬೇಕು

ಚಿಂದಿಚಿತ್ತಾರ:
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಒಂದು ದಾಸವಾಳದ ಕೌದಿ ಹಿಡಿದು ಕೂತಿದ್ದೇನೆ. ಹೊದೆಯಲು ಅಲ್ಲ, ಗೋಡೆಗೆ ಹಾಕಲು. ಅಗಲ 24 ಇಂಚು, ಎತ್ತರ 30 ಇಂಚು. ಒಂದು ದೊಡ್ಡ ಹೂವು, ಮೂರು ಎಲೆ, ಒಂದು ಮೊಗ್ಗು. ಬಟ್ಟೆಯೆಲ್ಲ ವರ್ಷಗಳಿಂದ ಕೂಡಿಟ್ಟ ಚೂರುಗಳೇ.

ಏಳು ಥರದ ಕೆಂಪು ಸಿಕ್ಕವು. ಒಂದು ಸಾದಾ, ಒಂದು ಬಿಳಿ ಚುಕ್ಕೆಯದು, ಒಂದರಲ್ಲಿ ಸಣ್ಣ ಬಳ್ಳಿ, ಹೀಗೆ. ಎಲ್ಲಕ್ಕೂ ಹಿಂದೆ ಫ್ಯೂಸಿಬಲ್ ವೆಬ್ (ಇಸ್ತ್ರಿಯ ಬಿಸಿಗೆ ಕರಗಿ ಬಟ್ಟೆಗೆ ಬಟ್ಟೆ ಅಂಟಿಸುವ ಹಾಳೆ) ಅಂಟಿಸಿ, ದಳಗಳನ್ನು ಕತ್ತರಿಸಿ, ಕಡುಹಸಿರು ಹಿನ್ನೆಲೆಯ ಮೇಲೆ ಇಸ್ತ್ರಿ ಮಾಡಿದ್ದೇನೆ. ಇನ್ನೂ ಹೊಲಿದಿಲ್ಲ.

ಮೇಜಿನ ಮೇಲಿಟ್ಟು ನೋಡಿದರೆ ಐದು ದಳವೂ ಬೇರೆ ಬೇರೆಯಾಗಿ ಕಾಣುತ್ತವೆ. ತುಂಬ ಖುಷಿಯಾಗಿತ್ತು. ನಿನ್ನೆ ಗೋಡೆಗೆ ಪಿನ್ ಮಾಡಿ ಹತ್ತು ಹೆಜ್ಜೆ ಹಿಂದೆ ಬಂದೆ. ಹೂವೇ ಇಲ್ಲ! ಒಂದು ಕೆಂಪು ಮುದ್ದೆ ಅಷ್ಟೇ. ಸಂಜೆ ಹೊತ್ತಿಗಂತೂ ಅದೂ ಕಪ್ಪಾಗಿ ಹಿನ್ನೆಲೆಯೊಳಗೆ ಮುಳುಗಿತು. ಇನ್ನೂ ಕೆಂಪು ಸೇರಿಸಬೇಕಾ? ಎಲ್ಲಿ ತಪ್ಪಾಗಿದೆ ಅಂತ ಗೊತ್ತಾಗುತ್ತಿಲ್ಲ. ದಯವಿಟ್ಟು ಹೇಳಿ.

ಬಣ್ಣದಬುಟ್ಟಿ:
ಒಂದು ಕೆಲಸ ಮಾಡಿ. ಗೋಡೆಯ ಮೇಲೆ ಇರುವಾಗಲೇ ಫೋನಿನಲ್ಲಿ ಒಂದು ಫೋಟೋ ತೆಗೆದು ಅದನ್ನು ಕಪ್ಪು-ಬಿಳುಪು ಮಾಡಿ. ಏನು ಕಾಣುತ್ತದೆ ಅಂತ ಬಂದು ಹೇಳಿ. ಅಲ್ಲಿಯವರೆಗೆ ಒಂದು ದಳವನ್ನೂ ಕೀಳಬೇಡಿ.

ಚಿಂದಿಚಿತ್ತಾರ:
ತೆಗೆದೆ. ಹೂವು ಬೂದು, ಎಲೆ ಬೂದು, ಹಿನ್ನೆಲೆಯೂ ಬೂದು. ಎಲ್ಲವೂ ಹತ್ತಿರ ಹತ್ತಿರ ಒಂದೇ ಬೂದು. ಬಿಳಿ ಚುಕ್ಕೆಯ ಬಟ್ಟೆ ಇರುವ ದಳ ಮಾತ್ರ ಸ್ವಲ್ಪ ಬೇರೆ ಕಾಣುತ್ತದೆ. ಕೆಂಪು-ಹಸಿರು ಅಷ್ಟೊಂದು ಎದುರುಬದುರು ಬಣ್ಣಗಳು ಅಂದುಕೊಂಡಿದ್ದೆ.

ನೀಲಿದಾರ:
ಬಣ್ಣ ಎದುರಿದೆ, ನಿಜ. ಆದರೆ ತಿಳಿ-ಗಾಢ ಎರಡರಲ್ಲೂ ಒಂದೇ ಇದೆ. ಹೂವಿನ ಕೌದಿ ಮಾಡುವವರಲ್ಲಿ ಹೆಚ್ಚಿನವರು ಮೊದಲು ಎಡವುವುದು ಇಲ್ಲೇ. ನಾವು ಬಟ್ಟೆಯನ್ನು ಬಣ್ಣದ ಹೆಸರಿನಿಂದ ವಿಂಗಡಿಸುತ್ತೇವೆ. ಕೆಂಪು ಡಬ್ಬಿ, ಹಸಿರು ಡಬ್ಬಿ, ನೀಲಿ ಡಬ್ಬಿ. ದೂರದಿಂದ ಕಣ್ಣು ಮೊದಲು ಹಿಡಿಯುವುದು ಎಷ್ಟು ತಿಳಿ, ಎಷ್ಟು ಗಾಢ ಅನ್ನುವುದನ್ನು. ಬಣ್ಣ ಯಾವುದು ಅನ್ನುವುದು ಆಮೇಲೆ.

ಸಂಜೆ ಕಪ್ಪಾಯಿತು ಅಂದಿರಲ್ಲ, ಅದಕ್ಕೂ ಕಾರಣ ಇದೆ. ಬೆಳಕು ಕಡಿಮೆಯಾದ ಹಾಗೆ ನಮ್ಮ ಕಣ್ಣಿಗೆ ಕೆಂಪು ಬೇಗ ಕಪ್ಪಾಗುತ್ತದೆ. ಹಸಿರು, ನೀಲಿ ಇನ್ನೂ ಸ್ವಲ್ಪ ಹೊತ್ತು ತಿಳಿಯಾಗಿ ಉಳಿಯುತ್ತವೆ. ಚೆಕ್ ವಿಜ್ಞಾನಿ ಪುರ್ಕಿನ್ಯೆ 19ನೇ ಶತಮಾನದಲ್ಲೇ ಇದನ್ನು ಗುರುತಿಸಿದ್ದರು. ಹಾಗಾಗಿ ಕೆಂಪು ಹೂವಿಗೆ ಗಾಢ ಹಿನ್ನೆಲೆ ಇಟ್ಟರೆ ಮಂದ ಬೆಳಕಿನಲ್ಲಿ ಅದು ಕಾಣೆಯಾಗುವುದು ಸಹಜ.

ಈಗ ಏನು ಮಾಡಬಹುದು? ನಿಮ್ಮ ಕೆಂಪು ಚೂರುಗಳನ್ನೆಲ್ಲ ಹರಡಿ. ಅವುಗಳ ಜೊತೆ ಗುಲಾಬಿ, ಕಿತ್ತಳೆ, ಮೆರೂನ್, ನೇರಳೆ ಕೂಡ ತನ್ನಿ. ಕಣ್ಣು ಅರ್ಧ ಮುಚ್ಚಿ ನೋಡುತ್ತ ತಿಳಿಯಿಂದ ಗಾಢದವರೆಗೆ ಐದು ಮೆಟ್ಟಿಲಾಗಿ ಜೋಡಿಸಿ. ಸಂಶಯ ಬಂದರೆ ಮತ್ತೆ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ. ನಿಮ್ಮ ಏಳು ಕೆಂಪೂ ನಡುವಿನ ಒಂದೇ ಮೆಟ್ಟಿಲಲ್ಲಿ ಬಂದು ಕೂರುತ್ತವೆ ಅಂತ ನನ್ನ ಅಂದಾಜು. ಕೆಳಗಿನ ಎರಡು, ಮೇಲಿನ ಎರಡು ಖಾಲಿ.

ಇನ್ನೊಂದು ಮಾತು. ದಳದ ನೆರಳು ಅಂದರೆ ಕಪ್ಪಲ್ಲ. ಕೆಂಪು ದಳದ ನೆರಳಿಗೆ ಮೆರೂನ್ ಅಥವಾ ಕಡುನೇರಳೆ ಇಡಿ. ಬಿಸಿಲು ದಳದೊಳಗಿಂದ ಹಾದು ಬರುವ ಜಾಗಕ್ಕೆ ಕಿತ್ತಳೆ ಕಡೆಗೆ ವಾಲುವ ತಿಳಿಕೆಂಪು ಚೆನ್ನ. ಬಿಳಿ ಬೆರೆತ ಗುಲಾಬಿ ಅಲ್ಲಿ ತಣ್ಣಗೆ ಕಾಣುತ್ತದೆ. ಹೊಳೆಯುವ ಮೇಲ್ಮೈಗಾದರೆ ಅದೇ ಗುಲಾಬಿ ಸರಿ.

ಬಟ್ಟೆ ಸಾಲದಿದ್ದರೆ ಪ್ರಿಂಟ್ ಬಟ್ಟೆಯನ್ನು ತಿರುಗಿಸಿ ನೋಡಿ. ಹಿಂಬದಿ ಸಾಮಾನ್ಯವಾಗಿ ಒಂದೆರಡು ಮೆಟ್ಟಿಲು ತಿಳಿಯಾಗಿರುತ್ತದೆ. ಹಿಂಬದಿ ಬಳಸಬಾರದು ಅಂತ ಯಾರೂ ಹೇಳಿಲ್ಲ.

ಹಿತ್ತಲಗಿಡ:
ನಾನು ಹೊಲಿಗೆಯವನಲ್ಲ, ಗಿಡದವನು. ಮನೆಯಲ್ಲಿ ಹೊಲಿಯುವವರು ಇದ್ದಾರೆ, ಹಾಗಾಗಿ ಇಲ್ಲಿ ಓದುತ್ತಿರುತ್ತೇನೆ. ಒಂದು ಪ್ರಶ್ನೆ. ನೀವು ದಳಗಳನ್ನು ಹೇಗೆ ಜೋಡಿಸಿದ್ದೀರಿ? ಒಂದರ ಪಕ್ಕ ಒಂದಾ, ಅಥವಾ ಒಂದರ ಮೇಲೊಂದಾ?

ಚಿಂದಿಚಿತ್ತಾರ:
ಕೆಳಗೆ ಮೂರು, ಅವುಗಳ ಮೇಲೆ ಎರಡು.

ಹಿತ್ತಲಗಿಡ:
ಹಾಗೆಯೇ ಅಂದುಕೊಂಡೆ. ಒಂದು ಐದು ದಳದ ಒಂಟಿ ದಾಸವಾಳ ಕಿತ್ತು ಎದುರಿಗೆ ಇಟ್ಟುಕೊಳ್ಳಿ. ಅದರಲ್ಲಿ ಮೇಲಿನ ದಳ, ಕೆಳಗಿನ ದಳ ಅಂತ ಇಲ್ಲ. ಪ್ರತಿ ದಳದ ಒಂದು ಅಂಚು ಪಕ್ಕದ ದಳದ ಮೇಲಿರುತ್ತದೆ, ಇನ್ನೊಂದು ಅಂಚು ಆಚೆ ಪಕ್ಕದ ದಳದ ಕೆಳಗೆ ಹೋಗಿರುತ್ತದೆ. ಐದೂ ಹಾಗೆಯೇ ಸುತ್ತಿಕೊಂಡಿರುತ್ತವೆ, ಗಾಳಿಪಂಖದ ರೆಕ್ಕೆಯ ಹಾಗೆ. ಮೊಗ್ಗು ಸುರುಳಿ ಸುತ್ತಿರುವುದು ನೋಡಿದ್ದೀರಲ್ಲ, ಅದೇ ತಿರುವು ಅರಳಿದ ಮೇಲೂ ಉಳಿದಿರುತ್ತದೆ.

ಇದು ನಿಮಗೆ ಯಾಕೆ ಬೇಕು ಅಂದರೆ, ಮೇಲಿರುವ ಅಂಚಿಗೆ ಬೆಳಕು ಬೀಳುತ್ತದೆ. ಕೆಳಗೆ ಹೋದ ಅಂಚಿನ ಮೇಲೆ ನೆರಳು ಬೀಳುತ್ತದೆ. ಅಂದರೆ ಐದು ಕಡೆಯೂ ತಿಳಿಯ ಪಕ್ಕ ಗಾಢ ಬಂದೇ ಬರುತ್ತದೆ. ಹೂವು ತಾನೇ ನಿಮಗೆ ಆ ಲೆಕ್ಕ ಕೊಟ್ಟಿದೆ.

ನಡುವಿನ ಕಂಬ ಇದೆಯಲ್ಲ, ಅದನ್ನೂ ಸರಿಯಾಗಿ ನೋಡಿ. ಕೇಸರಗಳೆಲ್ಲ ಸೇರಿ ಕೊಳವೆಯಾಗಿ, ಮೇಲ್ಭಾಗದಲ್ಲಿ ಹಳದಿ ಪರಾಗದ ಚೀಲಗಳು ಸಣ್ಣ ಸಣ್ಣ ಕಡ್ಡಿಗಳ ತುದಿಯಲ್ಲಿ ಇರುತ್ತವೆ. ಅದರ ತುತ್ತತುದಿಯಲ್ಲಿ ಐದು ಕೆಂಪು ಗುಂಡುಗಳು. ಅವು ಶಲಾಕಾಗ್ರಗಳು, ಅಂದರೆ ಪರಾಗ ಬಂದು ಕೂರುವ ತುದಿಗಳು, ಎಣಿಸಿದರೆ ಐದೇ. ಹೂವಿನ ಗಂಟಲು ಅತ್ಯಂತ ಗಾಢ. ಬೆಳಿಗ್ಗೆಯೇ ಕಿತ್ತು ಕೂರಿ, ಹೆಚ್ಚಿನ ದಾಸವಾಳ ಒಂದೇ ದಿನ ಅರಳಿರುತ್ತದೆ.

ಹೊಸಸೂಜಿ:
ನಾನು ಹೊಸಬಳು. ಫೋಟೋ ಹಾಕಿಕೊಂಡು ಗೆರೆ ಎಳೆದರೆ ಆಗಲ್ವಾ? ಇಂಟರ್ನೆಟ್ಟಲ್ಲಿ ದಾಸವಾಳದ ಫೋಟೋ ಎಷ್ಟು ಬೇಕಾದರೂ ಸಿಗುತ್ತೆ.

ಬಣ್ಣದಬುಟ್ಟಿ:
ಆಗುತ್ತೆ. ಆದರೆ ಬೇರೆಯವರ ಫೋಟೋ ಇಟ್ಟುಕೊಂಡು ಮಾಡುವುದಾದರೆ ಅವರನ್ನು ಕೇಳಿ. ಫೋಟೋ ತೆಗೆದವರಿಗೂ ಅದರ ಮೇಲೆ ಹಕ್ಕಿದೆ. ಕೌದಿ ಪ್ರದರ್ಶನಗಳಲ್ಲೂ ಈ ಅನುಮತಿ ಕೇಳುತ್ತಾರೆ. ನಿಮ್ಮ ಫೋನಿನಲ್ಲಿ ನೀವೇ ತೆಗೆದದ್ದಾದರೆ ಏನೂ ತೊಂದರೆ ಇಲ್ಲ.

ನನ್ನ ಅನುಭವದಲ್ಲಿ ಫೋಟೋ ಒಂದು ವಿಷಯದಲ್ಲಿ ಮೋಸ ಮಾಡುತ್ತೆ. ಎಲ್ಲ ವಿವರವನ್ನೂ ಸಮವಾಗಿ ಕೊಟ್ಟುಬಿಡುತ್ತೆ. ಬಟ್ಟೆಯಲ್ಲಿ ಅಷ್ಟು ವಿವರ ಹಿಡಿಯೋಕೆ ಆಗಲ್ಲ. ಯಾವುದು ಬಿಡಬೇಕು ಅನ್ನೋದು ಹೂವಿನ ಎದುರು ಹತ್ತು ನಿಮಿಷ ಪೆನ್ಸಿಲ್ ಹಿಡಿದು ಕೂತಾಗ ತಿಳಿಯುತ್ತೆ. ಚಿತ್ರ ಚೆನ್ನಾಗಿ ಬರಬೇಕು ಅಂತೇನೂ ಇಲ್ಲ.

ನೀಲಿದಾರ:
ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಕೈ ನಡುಗುವವರು, ಚಿತ್ರ ಬರೆಯಲು ಹೆದರುವವರು ಎಷ್ಟೋ ಜನ ಇದ್ದಾರೆ. ಅವರಿಗೆ ಫೋಟೋ ಒಂದು ಊರುಗೋಲು. ಫೋಟೋವನ್ನು ಕಪ್ಪು-ಬಿಳುಪು ಮಾಡಿ, ಮೂರೋ ನಾಲ್ಕೋ ಬೂದುಗಳಿಗೆ ಇಳಿಸಿ, ಬೇಕಾದ ಅಳತೆಗೆ ಪ್ರಿಂಟ್ ಹಾಕಿ ಗೆರೆ ಎಳೆದರೆ ತಿಳಿ-ಗಾಢದ ನಕ್ಷೆ ಸಿಕ್ಕಿಬಿಡುತ್ತದೆ. ಆಮೇಲೆ ನಿಜವಾದ ಹೂವನ್ನು ನೋಡಲಿ.

ಬಣ್ಣದಬುಟ್ಟಿ:
ಆಮೇಲೆ ನೋಡೋದಿಲ್ಲ ಅನ್ನೋದೇ ನನ್ನ ಚಿಂತೆ. ಇರಲಿ, ಎರಡು ದಾರಿಯೂ ಇವೆ.

ಸೂಜಿಗಣ್ಣು:
ತಂಗಿ, ನಾನು ಕೈಹೊಲಿಗೆಯವಳು. ನಲವತ್ತು ವರ್ಷದಿಂದ ಹೊಲಿಯುತ್ತಿದ್ದೇನೆ. ಇವರೆಲ್ಲ ಹೇಳಿದ್ದು ಸರಿ. ಆದರೆ ಆ ಅಂಟು ಯಾಕೆ ಹಾಕಿದೆ? ದಳದ ಸುತ್ತ ಕಾಲಿಂಚು ಬಿಟ್ಟು ಕತ್ತರಿಸಿ, ಸೂಜಿಯ ಮೊನೆಯಿಂದಲೇ ಅಂಚನ್ನು ಒಳಗೆ ಮಡಚುತ್ತ ಹೊಲಿದರೆ ದಳ ಉಬ್ಬಿ ನಿಲ್ಲುತ್ತದೆ, ಬೆರಳಿಗೆ ಮೆತ್ತಗೆ ಸಿಗುತ್ತದೆ. ಅಂಟಿಸಿದ ಬಟ್ಟೆ ರಟ್ಟಿನ ಹಾಗೆ ಆಗುತ್ತದೆ. ಮೂರು-ನಾಲ್ಕು ಪದರ ಅಂಟು ಸೇರಿದ ಕಡೆ ಸೂಜಿ ಇಳಿಯುವುದೂ ಕಷ್ಟ.

ಚಿಂದಿಚಿತ್ತಾರ:
ನಿಜ ಅಕ್ಕಾ, ನಡುವೆ ಗಟ್ಟಿಯಾಗಿದೆ. ಆದರೆ ನನ್ನ ಚೂರುಗಳು ತುಂಬ ಸಣ್ಣವು. ಕೆಲವು ಎರಡು ಬೆರಳಷ್ಟೇ ಅಗಲ. ಸುತ್ತ ಕಾಲಿಂಚು ಬಿಟ್ಟರೆ ಬಟ್ಟೆಯೇ ಉಳಿಯುವುದಿಲ್ಲ. ಅದಕ್ಕೇ ಅಂಟಿಗೆ ಹೋದೆ.

ನೀಲಿದಾರ:
ಇಬ್ಬರದೂ ಸರಿ. ಅಂಟನ್ನು ಪೂರ್ತಿ ಹಾಕಬೇಕಿಲ್ಲ. ಫ್ಯೂಸಿಬಲ್ ವೆಬ್ಬಿನ ಕಾಗದದ ಮೇಲೆ ದಳ ಬರೆದ ಮೇಲೆ, ಅಂಟಿಸುವ ಮೊದಲೇ, ಗೆರೆಯ ಒಳಗೆ ಕಾಲಿಂಚು ಬಿಟ್ಟು ನಡುವಿನದೆಲ್ಲ ಕತ್ತರಿಸಿ ತೆಗೆಯಿರಿ. ಕಿಟಕಿಯ ಚೌಕಟ್ಟಿನ ಹಾಗೆ ಅಂಚು ಮಾತ್ರ ಉಳಿಯುತ್ತದೆ. ಅಂಚು ಬಿಚ್ಚುವುದಿಲ್ಲ, ನಡುವೆ ಬಟ್ಟೆ ಬಟ್ಟೆಯಾಗಿಯೇ ಇರುತ್ತದೆ. ತೆಗೆದ ತುಂಡು ಸಣ್ಣ ದಳಗಳಿಗೆ ಆಗುತ್ತದೆ. ಕಾಗದದ ಮೇಲೆ ಬರೆಯುವಾಗ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇರಬೇಕು, ಅದನ್ನು ಮರೆಯಬೇಡಿ. ಮರೆತರೆ ದಾಸವಾಳದ ಸುರುಳಿ ತಿರುಗುವ ದಿಕ್ಕೇ ಬದಲಾಗಿಬಿಡುತ್ತದೆ.

ಇನ್ನೊಂದು ಅನುಕೂಲ. ಹೂವನ್ನು ನೇರವಾಗಿ ಹಿನ್ನೆಲೆ ಮೇಲೆ ಕಟ್ಟಬೇಡಿ. ಅಂಟು ಹಿಡಿಯದ ಬೇಕಿಂಗ್ ಪೇಪರ್ ಮೇಲೆ ದಳಗಳನ್ನು ಒಂದಕ್ಕೊಂದು ಅಂಟಿಸಿಕೊಳ್ಳಿ. ಆರಿದ ಮೇಲೆ ಇಡೀ ಹೂವು ಒಂದೇ ತುಂಡಾಗಿ ಎದ್ದು ಬರುತ್ತದೆ. ಆಗ ಹತ್ತು ಹಿನ್ನೆಲೆಗಳ ಮೇಲೆ ಇಟ್ಟು ನೋಡಬಹುದು.

ಚಿಂದಿಚಿತ್ತಾರ:
ಅಯ್ಯೋ, ಇದು ಎರಡು ತಿಂಗಳ ಹಿಂದೆ ಗೊತ್ತಿರಬೇಕಿತ್ತು! ಈಗ ಅಂಟಿಸಿರುವುದನ್ನು ಬಿಡಿಸಬಹುದಾ?

ನೀಲಿದಾರ:
ಬಿಸಿ ಇಸ್ತ್ರಿ ಒತ್ತಿ, ಬಿಸಿ ಆರುವ ಮೊದಲು ನಿಧಾನವಾಗಿ ಎಳೆಯಿರಿ, ಬರುತ್ತದೆ. ಹಿಂದೆ ಸ್ವಲ್ಪ ಅಂಟು ಉಳಿಯುತ್ತದೆ, ಮುಂದೆ ಅದರ ಮೇಲೆ ಬೇರೆ ಬಟ್ಟೆ ಬರುತ್ತದಾದ್ದರಿಂದ ಚಿಂತೆ ಇಲ್ಲ. ಇಸ್ತ್ರಿಯನ್ನು ಆಚೆ ಈಚೆ ಎಳೆಯಬೇಡಿ, ಎತ್ತಿ ಎತ್ತಿ ಒತ್ತಿ.

ಸೂಜಿಗಣ್ಣು:
ಬಿಡಿಸುತ್ತೀಯಾದರೆ ಇನ್ನೊಂದು ಕೇಳು. ನಿನ್ನ ಚೂರುಗಳಲ್ಲಿ ತೊಟ್ಟು ಹಳೆಯದಾದ ಬಟ್ಟೆ ಯಾವುದಾದರೂ ಇದೆಯಾ? ತೊಳೆದು ತೊಳೆದು ಬಣ್ಣ ಹೋಗಿರುವಂಥದ್ದು?

ಚಿಂದಿಚಿತ್ತಾರ:
ಒಂದಿದೆ ಅಕ್ಕಾ. ನನ್ನ ಅಕ್ಕನ ಹಳೆಯ ಕೆಂಪು ಅಂಗಿ. ಮಸುಕಾಗಿಹೋಗಿದೆ ಅಂತ ಅದನ್ನು ಪಕ್ಕಕ್ಕೆ ಇಟ್ಟೆ. ಈ ಹೂವಿಗೆ ಹಾಕಿಲ್ಲ.

ಸೂಜಿಗಣ್ಣು:
ಅದರ ತೋಳಿನ ಹೊಲಿಗೆ ಬಿಚ್ಚಿ ನೋಡು. ಹೊಲಿಗೆಯ ಒಳಗೆ ಮಡಚಿದ ಬಟ್ಟೆಗೆ ಬಿಸಿಲು ತಾಕಿರುವುದಿಲ್ಲ. ಒಳಗಿನ ಬಣ್ಣ ಹೊಸದರ ಹಾಗೆ ಉಳಿದಿರುತ್ತದೆ. ಕತ್ತಿನ ಪಟ್ಟಿಯ ಒಳಗೂ, ಕಿಸೆಯ ಕೆಳಗೂ ನೋಡು.

ಹೊಸಸೂಜಿ:
ಮಧ್ಯೆ ಬಂದು ಕೇಳ್ತಿರೋದಕ್ಕೆ ಕ್ಷಮಿಸಿ. ಗೋಡೆಗೆ ಹಾಕೋದನ್ನೂ ಕೌದಿ ಅಂತಾನೇ ಕರೀತೀರಲ್ಲ. ಹೊದೆಯೋಕೆ ಆಗದಿದ್ದರೆ ಅದು ಕೌದಿ ಹೇಗಾಗುತ್ತೆ? ಇದೇನು ಹೊಸ ಕಲೆನಾ?

ಬಣ್ಣದಬುಟ್ಟಿ:
ಪೂರ್ತಿ ಹೊಸದೂ ಅಲ್ಲ. ಅಮೆರಿಕದ ಹ್ಯಾರಿಯೆಟ್ ಪವರ್ಸ್ ಅಂತ ಒಬ್ಬರಿದ್ದರು. 1837ರಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದವರು. ಬಟ್ಟೆ ಕತ್ತರಿಸಿ ಅಂಟಿಸಿದಂತೆ ಹೊಲಿದು ಬೈಬಲ್ ಕಥೆಗಳನ್ನು ಕೌದಿಯ ಮೇಲೆ ಹೇಳಿದರು. ಅವರದು ಅಂತ ತಿಳಿದಿರುವ ಎರಡು ಕೌದಿ ಇವತ್ತಿಗೂ ಉಳಿದಿವೆ. ಒಂದು ವಾಷಿಂಗ್ಟನ್ನಿನ ಮ್ಯೂಸಿಯಂ ಸ್ಮಿತ್ಸೋನಿಯನ್‌ನಲ್ಲಿ, ಇನ್ನೊಂದು ಬಾಸ್ಟನ್ನಿನ ಲಲಿತಕಲೆಗಳ ಮ್ಯೂಸಿಯಮ್ಮಿನಲ್ಲಿ. ಕಷ್ಟಕಾಲ ಬಂದಾಗ ಮೊದಲನೆಯದನ್ನು ಅವರು ಬರೀ 5 ಡಾಲರಿಗೆ ಮಾರಬೇಕಾಯಿತು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತೆ.

1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಹಳೆಯ ಕೌದಿಗಳನ್ನು ಚಿತ್ರಗಳ ಹಾಗೆ ಗೋಡೆಗೆ ನೇತುಹಾಕಿ ಪ್ರದರ್ಶನ ಮಾಡಿತು. ಜನ ಕೌದಿಯನ್ನು ನೋಡುವ ರೀತಿ ಬದಲಾಗಲು ಅದು ಒಂದು ದೊಡ್ಡ ಕಾರಣ. 1979ರಲ್ಲಿ ಒಹಾಯೊದ ಅಥೆನ್ಸ್‌ನಲ್ಲಿ ಕ್ವಿಲ್ಟ್ ನ್ಯಾಷನಲ್ ಅನ್ನೋ ಪ್ರದರ್ಶನ ಶುರುವಾಯಿತು, ಹೊಸ ವಿನ್ಯಾಸದ ಕಲಾಕೌದಿಗಳಿಗೇ ಅಂತ. ಅದು ನಡೆಯುವುದು ಹಿಂದೆ ಹಾಲಿನ ಹಸುಗಳ ಕೊಟ್ಟಿಗೆಯಾಗಿದ್ದ ಕಟ್ಟಡದಲ್ಲಿ.

ಹೂವಿನ ವಿಷಯಕ್ಕೆ ಬಂದರೆ ಇನ್ನೂ ಹಿಂದೆ ಹೋಗಬಹುದು. 18ನೇ ಶತಮಾನದಲ್ಲಿ ಯುರೋಪಿನವರು ಭಾರತದಿಂದ ಹೋದ ಹೂವಿನ ಚಿಂಟ್ಜ್ ಬಟ್ಟೆಯಿಂದ ಒಂದೊಂದೇ ಹೂವು, ಹಕ್ಕಿ ಕತ್ತರಿಸಿ ಸಾದಾ ಬಟ್ಟೆಯ ಮೇಲೆ ಹೊಲಿಯುತ್ತಿದ್ದರು. ಚಿಂಟ್ಜ್ ತುಂಬಾ ದುಬಾರಿ. ಚೂರನ್ನೂ ಬಿಡುತ್ತಿರಲಿಲ್ಲ. ಈ ಕೆಲಸಕ್ಕೆ ಬ್ರೊಡ್ರಿ ಪೆರ್ಸ್ ಅಂತ ಹೆಸರು.

ಸೂಜಿಗಣ್ಣು:
ನನಗೆ ಕಲೆಯ ಕೌದಿ, ಹೊದೆಯುವ ಕೌದಿ ಅಂತ ಭೇದ ಮಾಡುವುದು ಇಷ್ಟವಿಲ್ಲ. ಹೊದೆಯುವ ಕೌದಿಯಲ್ಲೂ ಬಣ್ಣ ಎಲ್ಲಿಡಬೇಕು ಅಂತ ಹೆಂಗಸರು ರಾತ್ರಿಯೆಲ್ಲ ಯೋಚಿಸಿದ್ದಾರೆ. ಅದು ಕಲೆಯಲ್ಲವಾ?

ನೀಲಿದಾರ:
ಖಂಡಿತ ಕಲೆಯೇ ಅಕ್ಕಾ. ನಾನು ಭೇದ ಮಾಡುವುದು ಕೆಲಸದ ದೃಷ್ಟಿಯಿಂದ ಮಾತ್ರ. ಹೊದೆಯುವುದು ನೂರು ಸಲ ತೊಳೆದರೂ ಉಳಿಯಬೇಕು. ಗೋಡೆಯದು ತೊಳೆಯುವುದಿಲ್ಲ, ಹಾಗಾಗಿ ಮಡಚದೆ ಬಿಟ್ಟ ಅಂಚು, ರೇಷ್ಮೆ, ನೆಟ್, ಮಣಿ ಎಲ್ಲಕ್ಕೂ ಜಾಗ ಇದೆ. ಎರಡರಲ್ಲೂ ಪದರ ಇದೆ, ಪದರಗಳನ್ನು ಹಿಡಿಯುವ ಹೊಲಿಗೆ ಇದೆ. ಅಷ್ಟಿದ್ದರೆ ನನಗೆ ಕೌದಿ.

ಸೂಜಿಗಣ್ಣು:
ಹಾಗಾದರೆ ಒಪ್ಪಿದೆ.

ಚಿಂದಿಚಿತ್ತಾರ:
ಅಕ್ಕಾ, ಬಿಚ್ಚಿದೆ! ತೋಳಿನ ಹೊಲಿಗೆಯ ಒಳಗೆ ಅರ್ಧ ಇಂಚು ಅಗಲದ ಪಟ್ಟಿ. ಆ ಬಣ್ಣ ನೋಡಿ ಸುಮ್ಮನೆ ಕೂತುಬಿಟ್ಟೆ. ನನ್ನ ಅಕ್ಕ ಅದನ್ನು ಹಾಕಿಕೊಳ್ಳುತ್ತಿದ್ದಾಗ ಅಂಗಿ ಇದ್ದ ಬಣ್ಣ ಅದೇ. ನನಗೆ ಮರೆತೇಹೋಗಿತ್ತು.

ಕಿಸೆಯ ಕೆಳಗೆ ಒಂದು ಅಂಗೈಯಷ್ಟು ಗಾಢ ಕೆಂಪು ಸಿಕ್ಕಿತು. ಬೆನ್ನಿನ ಭಾಗ ಹೆಚ್ಚು ಮಾಸಿ ತಿಳಿಗುಲಾಬಿಯ ಹತ್ತಿರ ಬಂದಿದೆ. ಭುಜದ ಮೇಲೆ ಇನ್ನೂ ತಿಳಿ. ಎಲ್ಲವನ್ನೂ ಸಾಲಾಗಿ ಇಟ್ಟು ಕಪ್ಪು-ಬಿಳುಪು ಫೋಟೋ ತೆಗೆದೆ. ಒಂದೇ ಅಂಗಿಯಲ್ಲಿ ನಾಲ್ಕು ಮೆಟ್ಟಿಲು! ಐದನೆಯದಕ್ಕೆ ಮೆರೂನ್ ಚೂರು ಇದೆ. ಏಳು ಬಟ್ಟೆ ಹುಡುಕಿದ್ದೆ, ಒಂದೇ ಸಾಕಾಗಿತ್ತು.

ಹಿತ್ತಲಗಿಡ:
ಓದಿ ತುಂಬ ಸಂತೋಷವಾಯಿತು. ಗಾಢ ಪಟ್ಟಿಯನ್ನು ಗಂಟಲಿಗೆ ಇಡಿ.

ನೀಲಿದಾರ:
ಒಂದು ಎಚ್ಚರಿಕೆ. ಹಳೆ ಬಟ್ಟೆ ಜಾಳಾಗಿರುತ್ತದೆ. ಬೆಳಕಿಗೆ ಹಿಡಿದು ನೋಡಿ, ನೇಯ್ಗೆಯ ಹಾಸು-ಹೊಕ್ಕು ಎಲ್ಲಾದರೂ ಕಿತ್ತಿದ್ದರೆ ಆ ಭಾಗ ಬಿಡಿ. ಬಣ್ಣ ಬಿಡುತ್ತದಾ ಅಂತಲೂ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ. ಯಾವ ನೂಲು ಅಂತ ಗೊತ್ತಿಲ್ಲದ ಚೂರುಗಳಿದ್ದರೆ ಒಂದೆರಡು ಎಳೆ ಎಳೆದು ಚಿಮಟದಲ್ಲಿ ಹಿಡಿದು ಸುಡಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಅದರ ಮೇಲೆ ಹತ್ತಿಗೆ ಇಡುವ ಬಿಸಿ ಇಸ್ತ್ರಿ ಇಟ್ಟರೆ ಕೆಲಸ ಕೆಟ್ಟಿತು.

ಹೊಸಸೂಜಿ:
ನನಗೆ ನಿಜವಾದ ಹೂವಿನ ಬಣ್ಣವನ್ನೇ ಬಟ್ಟೆಗೆ ಇಳಿಸಬೇಕು ಅಂತ ಆಸೆ. ಹೂವನ್ನು ಬಟ್ಟೆ ಮೇಲಿಟ್ಟು ಸುತ್ತಿಗೆಯಲ್ಲಿ ಬಡಿದರೆ ಅಚ್ಚು ಬರುತ್ತಂತೆ. ಅದನ್ನು ಕೌದಿಯಲ್ಲಿ ಬಳಸಬಹುದಾ?

ಹಿತ್ತಲಗಿಡ:
ಅಚ್ಚು ಬರುತ್ತದೆ, ನೋಡಲು ಬಹಳ ಚೆನ್ನಾಗಿರುತ್ತದೆ. ನಾವು ಮನೆಯಲ್ಲಿ ಮಾಡಿದ್ದೇವೆ. ಹತ್ತಿ ಬಟ್ಟೆಯನ್ನು ಮೊದಲು ಪಟಿಕದ ನೀರಿನಲ್ಲಿ ನೆನೆಸಿ ಒಣಗಿಸಿ. ಇದರಿಂದ ಬಣ್ಣ ನೂಲಿಗೆ ಹಿಡಿಯುತ್ತದೆ. ಆದರೆ ಒಂದು ಮಾತು ಮೊದಲೇ ತಿಳಿದಿರಲಿ. ದಾಸವಾಳದ ಕೆಂಪು ಕೆಂಪಾಗಿ ಉಳಿಯುವುದಿಲ್ಲ, ನೇರಳೆ ಅಥವಾ ನೀಲಿಯ ಕಡೆ ತಿರುಗುತ್ತದೆ. ಶಂಖಪುಷ್ಪದ ನೀಲಿಯೂ ಹಾಗೆ, ಹುಳಿ ತಾಕಿದರೆ ಗುಲಾಬಿ-ನೇರಳೆ. ಇವೆರಡೂ ಬೆಳಕಿಗೆ ಬೇಗ ಮಾಸುತ್ತವೆ. ಚೆಂಡುಹೂವಿನ ಹಳದಿ ಪಟಿಕದ ಜೊತೆ ಇವಕ್ಕಿಂತ ಚೆನ್ನಾಗಿ ನಿಲ್ಲುತ್ತದೆ. ಎಲೆಗಳ ಅಚ್ಚೂ ದಳಗಳ ಅಚ್ಚಿಗಿಂತ ಹೆಚ್ಚು ಕಾಲ ಇರುತ್ತದೆ. ಬಿಸಿಲು ಬೀಳದ ಗೋಡೆಗೆ ಮಾತ್ರ ಹಾಕಿ.

ಎಳೆಬಿಸಿಲು:
ಹಿನ್ನೆಲೆಯ ಬಗ್ಗೆ ನಾನೂ ಒಂದು ಹೇಳಲಾ? ದೂರದ ಗಿಡ, ಎಲೆಗಳ ರಾಶಿ ತೋರಿಸಲು ಒಂದೊಂದೇ ಎಲೆ ಕತ್ತರಿಸಬೇಕಿಲ್ಲ. ತೀರಾ ಸಣ್ಣ ಚೂರುಗಳನ್ನು ಕತ್ತರಿಯಲ್ಲಿ ಇನ್ನೂ ಸಣ್ಣಗೆ ಹೆಚ್ಚಿ, ಉದುರಿಸಿದ ಹಾಗೆ ಹಿನ್ನೆಲೆಯ ಮೇಲೆ ಹರಡಿ, ಮೇಲೆ ತೆಳುವಾದ ನೆಟ್ ಬಟ್ಟೆ ಹೊದಿಸಿ ಹೊಲಿಯುವುದು. ಜಪಾನಿನ ನೊರಿಕೊ ಎಂಡೊ ಈ ರೀತಿ ಇಡೀ ಕಾಡುಗಳನ್ನೇ ಮಾಡಿದ್ದಾರೆ. ಬೆಳಕು ಮರಗಳ ನಡುವೆ ಇಳಿಯುವುದು ಬಟ್ಟೆಯಲ್ಲಿ ಹಾಗೆ ಬರುತ್ತದೆ ಅಂತ ನಾನು ನಂಬಿರಲಿಲ್ಲ.

ನೆಟ್ಟಿನ ಬಣ್ಣ ಗಾಢ ಇದ್ದಷ್ಟೂ ಅದು ಕಣ್ಣಿಗೆ ಕಾಣುವುದು ಕಡಿಮೆ. ಬಿಳಿ ನೆಟ್ ಹಾಕಿದರೆ ಎಲ್ಲದರ ಮೇಲೆ ಮಂಜು ಕವಿದಂತಾಗುತ್ತದೆ. ಮುಂಜಾನೆ ಮಾಡುವುದಾದರೆ ಅದೂ ಒಳ್ಳೆಯದೇ. ಆದರೆ ಹೊಲಿದ ಮೇಲೆ ಅದರ ಮೇಲೆ ಬಿಸಿ ಇಸ್ತ್ರಿ ಇಡಬೇಡಿ. ನಾನು ಇಟ್ಟೆ. ನೈಲಾನ್ ನೆಟ್ ಒಂದು ಕ್ಷಣದಲ್ಲಿ ಕರಗಿ ತೂತಾಯಿತು. ಮೂರು ವಾರದ ಕೆಲಸ. ಆ ದಿನ ಅತ್ತಿದ್ದೆ.

ಚಿಂದಿಚಿತ್ತಾರ:
ಛೆ, ಓದಿಯೇ ಬೇಸರವಾಯಿತು. ಹೇಳಿದ್ದಕ್ಕೆ ಧನ್ಯವಾದ. ಈ ಉಪಾಯ ನನ್ನ ಹಿನ್ನೆಲೆಗೂ ಆಗುತ್ತದೆ. ಕಡುಹಸಿರು ತೆಗೆದುಬಿಟ್ಟೆ. ತಿಳಿಬೂದು-ಹಸಿರು ಬಟ್ಟೆ ಹಾಕಿದ್ದೇನೆ, ಕೆಳಗಿನ ಮೂಲೆಯಲ್ಲಿ ಮಾತ್ರ ಹೆಚ್ಚಿದ ಚೂರುಗಳ ಎಲೆರಾಶಿ. ಹೂವನ್ನು ಬೇಕಿಂಗ್ ಪೇಪರ್ ಮೇಲೆ ಹೊಸದಾಗಿ ಕಟ್ಟಿದೆ. ದಳಗಳು ಈಗ ಒಂದರ ಕೆಳಗೊಂದು ಸುತ್ತಿಕೊಂಡಿವೆ.

ಇನ್ನು ಹೊಲಿಗೆ. ಮಷಿನ್ ಹೊಲಿಗೆಯಲ್ಲಿ ನಾನು ನೇರ ಗೆರೆ ಮಾತ್ರ ಹೊಲಿದಿದ್ದು. ದಳದ ನರಗಳನ್ನು ಹೊಲಿಯಲು ಕೂತರೆ ಅಡಿಯಲ್ಲಿ ದಾರ ಗುಡ್ಡೆ ಗುಡ್ಡೆಯಾಗಿ ಸಿಕ್ಕು ಬೀಳುತ್ತಿದೆ. ಬಾಬಿನ್ ಕೆಟ್ಟಿದೆಯಾ?

ನೀಲಿದಾರ:
ಅಡಿಯಲ್ಲಿ ಸಿಕ್ಕು ಬಿದ್ದರೆ ಸಾಮಾನ್ಯವಾಗಿ ತಪ್ಪು ಇರುವುದು ಮೇಲಿನ ದಾರದಲ್ಲಿ. ಬಟ್ಟೆಯನ್ನು ಒತ್ತಿ ಹಿಡಿಯುವ ಫೂಟ್ ಎತ್ತಿಟ್ಟುಕೊಂಡು ಮೇಲಿನ ದಾರವನ್ನು ಮೊದಲಿಂದ ಹಾಕಿ. ಫೂಟ್ ಕೆಳಗಿದ್ದಾಗ ಟೆನ್ಷನ್ ಬಿಲ್ಲೆಗಳು ಮುಚ್ಚಿರುತ್ತವೆ, ದಾರ ಅವುಗಳ ನಡುವೆ ಕೂರುವುದೇ ಇಲ್ಲ. ಹೊಲಿಯುವಾಗ ಮರೆಯದೆ ಫೂಟ್ ಇಳಿಸಿ. ಕೈಯಲ್ಲಿ ಬಟ್ಟೆ ತಿರುಗಿಸುವಾಗ ಇದು ಎಲ್ಲರಿಗೂ ಮರೆಯುತ್ತದೆ.

ಬಟ್ಟೆ ತಳ್ಳುವ ಹಲ್ಲುಗಳನ್ನು ಕೆಳಗಿಳಿಸಿ, ಡಾರ್ನಿಂಗ್ ಫೂಟ್ (ಬಟ್ಟೆಯನ್ನು ಯಾವ ಕಡೆಗೂ ಸರಿಸಲು ಬಿಡುವ ಫೂಟ್) ಹಾಕಿ. ಈಗ ಬಟ್ಟೆ ನಡೆಸುವವರು ನೀವೇ. ಹೊಲಿಗೆ ಎಷ್ಟು ಉದ್ದ ಬರಬೇಕು ಅನ್ನುವುದು ನಿಮ್ಮ ಕೈಯ ವೇಗದ ಮೇಲೆ. ಮಷಿನ್ ಒಂದೇ ವೇಗದಲ್ಲಿ ಓಡಲಿ, ಕೈ ಅವಸರ ಮಾಡದಿರಲಿ. ಸೂಜಿ 90ರದ್ದು ಹಾಕಿ, ಅಂದರೆ 0.9 ಮಿಲಿಮೀಟರ್ ದಪ್ಪ. ಅಂಟು ತಾಗಿ ಸೂಜಿ ಜಿಗುಟಾದರೆ ಒರೆಸಿ, ಮೊನೆ ಮೊಂಡಾದರೆ ಬದಲಿಸಿ. ಹೂವಿಗೆ ಹೋಗುವ ಮೊದಲು ಇದೇ ಬಟ್ಟೆ, ಇದೇ ಬ್ಯಾಟಿಂಗ್ (ನಡುವಿನ ಮೆತ್ತನೆಯ ಪದರ) ಇರುವ ಮೂರು ಪದರದ ಒಂದು ಸಣ್ಣ ತುಂಡಿನ ಮೇಲೆ ಅಭ್ಯಾಸ ಮಾಡಿ. ಒಂದು ದಿನ ಪೂರ್ತಿ ಅದಕ್ಕೇ ಕೊಡಿ, ನಷ್ಟವಿಲ್ಲ.

ದಳದಲ್ಲಿ ಹೊಲಿಗೆ ಗಂಟಲಿಂದ ಹೊರಟು ಅಂಚಿನ ಕಡೆ ಬೀಸಣಿಗೆಯ ಹಾಗೆ ಹರಡಬೇಕು. ನರಗಳು ಇರುವುದೇ ಹಾಗೆ. ಅಡ್ಡ ಗೆರೆ ಹೊಲಿದರೆ ದಳ ಚಪ್ಪಟೆಯಾಗುತ್ತದೆ. ಹಿನ್ನೆಲೆಯಲ್ಲಿ ಮಾತ್ರ ಒತ್ತೊತ್ತಾಗಿ ಹೊಲಿಯಿರಿ. ಅಲ್ಲಿ ಬ್ಯಾಟಿಂಗ್ ತಗ್ಗುತ್ತದೆ, ಹೂವು ತಾನಾಗಿ ಉಬ್ಬಿ ಮುಂದೆ ಬರುತ್ತದೆ. ಹೀಗೆ ಒತ್ತಾಗಿ ಹೊಲಿದರೆ ಕೌದಿ ಒಳಕ್ಕೆ ಎಳೆದುಕೊಳ್ಳುತ್ತದೆ. ಸುತ್ತ ಒಂದೆರಡು ಇಂಚು ಜಾಸ್ತಿ ಬಟ್ಟೆ ಇರಲಿ, ಕೊನೆಗೆ ಅಳೆದು ಕತ್ತರಿಸಿ.

ಸೂಜಿಗಣ್ಣು:
ನಡುವಿನ ಕಂಬ, ಹಳದಿ ಪರಾಗ, ಐದು ಗುಂಡು ಇವನ್ನು ಕೈಯಲ್ಲೇ ಮಾಡು ತಂಗಿ. ಗಂಟುಹೊಲಿಗೆ ಹಾಕು. ಮಷಿನ್ ಅಲ್ಲಿ ಬೇಡ. ತೊಟ್ಟಿಗೆ ಕ್ರಾಸ್ ಪಟ್ಟಿ, ಅಂದರೆ ನೇಯ್ಗೆಗೆ ಓರೆಯಾಗಿ, ಕತ್ತರಿಸು, ನೇರ ಪಟ್ಟಿ ಬಾಗುವುದಿಲ್ಲ, ಸುಕ್ಕುಗಟ್ಟುತ್ತದೆ.

ಚಿಂದಿಚಿತ್ತಾರ:
ಎಲ್ಲರಿಗೂ ನಮಸ್ಕಾರ. ಐದು ವಾರ ಆಯಿತು. ದಾರ ಹೊಸದಾಗಿ ಹಾಕಿದ ಮೇಲೆ ಸಿಕ್ಕು ಬೀಳಲಿಲ್ಲ. ಹೊಲಿಗೆ ಮುಗಿದಿದೆ. ಎರಡು ಕಡೆ ಹೊಲಿಗೆ ಸ್ವಲ್ಪ ಉದ್ದ-ಗಿಡ್ಡ ಆಗಿದೆ, ಬಿಚ್ಚಲಿಲ್ಲ.

ನಿನ್ನೆ ಗೋಡೆಗೆ ಪಿನ್ ಮಾಡಿ ಹತ್ತು ಹೆಜ್ಜೆ ಹಿಂದೆ ಬಂದೆ. ಐದು ದಳ ಕಾಣುತ್ತವೆ. ಸುರುಳಿ ಕಾಣುತ್ತದೆ. ಗಂಟಲಿನಲ್ಲಿ ಆ ಅರ್ಧ ಇಂಚಿನ ಪಟ್ಟಿ ಇದೆ. ಬಾಗಿಲ ಹತ್ತಿರ ಹೋಗಿ ಇನ್ನೂ ದೂರದಿಂದ ನೋಡಿದೆ, ಆಗಲೂ ದಾಸವಾಳವೇ. ಸಂಜೆಯೂ ಕಾದು ನೋಡಿದೆ. ಕೆಂಪು ಗಾಢವಾಯಿತು, ಆದರೆ ಹಿನ್ನೆಲೆ ತಿಳಿಯಿದ್ದುದರಿಂದ ಹೂವಿನ ಆಕಾರ ಹೋಗಲಿಲ್ಲ.

ಮನೆಗೆ ಬಂದ ನನ್ನ ಅಕ್ಕ ಹತ್ತಿರ ಹೋಗಿ ನೋಡಿ ಮೊದಲು ಮುಟ್ಟಿದ್ದು ಭುಜದ ಬಟ್ಟೆಯ ದಳವನ್ನು. ನಾನು ಹೇಳಿಯೇ ಇರಲಿಲ್ಲ.

ಕೊನೆಯ ಪ್ರಶ್ನೆ. ಅಂಚಿಗೆ ಪಟ್ಟಿ ಕೊಡಲಾ? ಗೋಡೆಗೆ ಹೇಗೆ ಹಾಕಲಿ?

ಬಣ್ಣದಬುಟ್ಟಿ:
ನಾನಾಗಿದ್ದರೆ ಅಂಚಿಗೆ ಪಟ್ಟಿ ಕೊಡುತ್ತಿರಲಿಲ್ಲ. ಪಟ್ಟಿ ಚೌಕಟ್ಟು ಹಾಕಿದ ಹಾಗೆ ಚಿತ್ರವನ್ನು ಅಲ್ಲೇ ನಿಲ್ಲಿಸಿಬಿಡುತ್ತೆ. ಫೇಸಿಂಗ್, ಅಂದರೆ ಮುಂದಿನಿಂದ ಕಾಣದ ಒಳಪಟ್ಟಿ, ಕೊಟ್ಟು ಪೂರ್ತಿ ಹಿಂದಕ್ಕೆ ತಿರುಗಿಸಿ. ಎಲೆ ಹೊರಗೆ ಹೋದ ಹಾಗೆ ಕಾಣುತ್ತೆ.

ನೀಲಿದಾರ:
ಫೇಸಿಂಗ್ ಕೊಡುವ ಮೊದಲು ಕೌದಿಯನ್ನು ಸ್ವಲ್ಪ ತೇವ ಮಾಡಿ, ಚಪ್ಪಟೆಯಾಗಿ ಹರಡಿ, ಮೂಲೆಗಳು ನೇರ ಇವೆಯಾ ನೋಡಿ ಪಿನ್ ಮಾಡಿ ಒಣಗಲು ಬಿಡಿ. ನೆಟ್ ಇರುವುದರಿಂದ ಇಸ್ತ್ರಿ ಬೇಡ. ನೇತುಹಾಕಲು ಹಿಂದೆ, ಮೇಲಂಚಿಗಿಂತ ಅರ್ಧ ಇಂಚು ಕೆಳಗೆ, 4 ಇಂಚು ಅಗಲದ ಬಟ್ಟೆಯ ಕೊಳವೆ ಕೈಯಲ್ಲಿ ಹೊಲಿಯಿರಿ. ಸೂಜಿ ಮುಂದಿನ ಪದರಕ್ಕೆ ತಾಕಬಾರದು. ಕೊಳವೆಯ ಹೊರಮೈ ಸ್ವಲ್ಪ ಸಡಿಲ ಇರಲಿ, ಇಲ್ಲದಿದ್ದರೆ ಕೋಲು ತೂರಿಸಿದಾಗ ಮುಂದೆ ಉಬ್ಬು ಕಾಣುತ್ತದೆ. ನೇರ ಬಿಸಿಲು ಬೀಳದ ಗೋಡೆ ಆರಿಸಿ. ಎತ್ತಿಡುವಾಗ ಮಡಚಬೇಡಿ. ಹೂವಿನ ಬದಿ ಹೊರಗೆ ಬರುವ ಹಾಗೆ ಸುರುಳಿ ಸುತ್ತಿ.

ಸೂಜಿಗಣ್ಣು:
ಆ ಅಂಗಿಯ ಇನ್ನೊಂದು ತೋಳು ಏನಾಯಿತು?

ಚಿಂದಿಚಿತ್ತಾರ:
ಇದೆ ಅಕ್ಕಾ. ಅದನ್ನು ಇನ್ನೂ ಬಿಚ್ಚಿಲ್ಲ.